ಚೀನಾದ ಶಿಯಾನ್‌ಗೆ ಅಪ್ಪನನ್ನು ಕರೆದುಕೊಂಡು ಹೋಗಬೇಕು: ಖಾಸಗಿ ಗೈಡ್ ಬಗ್ಗೆ ಗೊತ್ತಿರುವವರು ಹೇಳಿ

ಬಾಗಲಕೋಟೆ_ಮಗಳು

ಎಲ್ಲರಿಗೂ ನಮಸ್ಕಾರ.

ನಮ್ಮ ಅಪ್ಪ ಹೈಸ್ಕೂಲಿನಲ್ಲಿ 34 ವರ್ಷ ಸಮಾಜ ವಿಜ್ಞಾನ ಕಲಿಸಿದವರು. ಪ್ರತಿ ವರ್ಷ ಮಕ್ಕಳನ್ನು ಬಾದಾಮಿ, ಐಹೊಳೆಗೆ ಕರೆದುಕೊಂಡು ಹೋಗುತ್ತಿದ್ದರು. ಮೇಗುತಿ ಗುಡಿಯ ಹತ್ತಿರ ಎಲ್ಲರನ್ನೂ ಕೂರಿಸಿ ಇಮ್ಮಡಿ ಪುಲಿಕೇಶಿ ಕಥೆ ಹೇಳುತ್ತಿದ್ದರು. ಆ ಕಥೆಯಲ್ಲಿ ಚೀನಾದಿಂದ ಬಂದ ಹ್ಯುಯೆನ್ ತ್ಸಾಂಗ್ ಬಂದೇ ಬರಬೇಕು. ನಾನೂ ಅದೇ ಶಾಲೆಯಲ್ಲಿ ಓದಿದವಳು, ಆ ಕಥೆಯನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಹೋದ ತಿಂಗಳು ಊಟಕ್ಕೆ ಕೂತಾಗ ಅಪ್ಪ ಇದ್ದಕ್ಕಿದ್ದಂತೆ, "ಅಂವಾ ಅಲ್ಲಿಂದ ಇಲ್ಲಿತನಕ ನಡಕೊಂಡು ಬಂದ. ನಾ ಒಂದು ಸಲ ವಿಮಾನದಾಗರ ಅಲ್ಲಿ ಹೋಗಬೇಕವ್ವಾ" ಅಂದರು. ಅಪ್ಪ ತಮಗಾಗಿ ಏನನ್ನೂ ಕೇಳಿದವರಲ್ಲ. ಅವತ್ತೇ ನಿರ್ಧಾರ ಮಾಡಿಬಿಟ್ಟೆ.

ಹೋಗುವುದು ಶಿಯಾನ್‌ಗೆ, ಏಪ್ರಿಲ್ ಎರಡನೇ ವಾರ. ಅಪ್ಪ (71), ಅವ್ವ (66, ಮೊಣಕಾಲು ನೋವು), ನಾನು, ನನ್ನ ಮಗ (12). ನಾಲ್ಕೂ ಜನ ಸಸ್ಯಾಹಾರಿಗಳು, ಮೊಟ್ಟೆ ಕೂಡ ಇಲ್ಲ. ಗುಂಪಿನ ಪ್ಯಾಕೇಜ್ ಬೇಡ ಅನಿಸುತ್ತಿದೆ. ಬಾವುಟ ಹಿಡಿದವರ ಹಿಂದೆ ಓಡುವುದು ಅವ್ವನಿಗೆ ಆಗುವುದಿಲ್ಲ. ಅಪ್ಪನಿಗಂತೂ ಒಂದು ಕಲ್ಲಿನ ಮುಂದೆ ಅರ್ಧ ಗಂಟೆ ನಿಲ್ಲಬೇಕು.

ನಮಗೇ ಅಂತ ಒಬ್ಬ ಗೈಡ್, ಒಂದು ಕಾರು ಮಾಡಿಕೊಂಡರೆ ಹೇಗೆ? ಎಷ್ಟು ದಿನಕ್ಕೆ ಬೇಕು? ಏನು ಕೇಳಿ ಗೊತ್ತು ಮಾಡಿಕೊಳ್ಳಬೇಕು? ಹೋಗಿ ಬಂದವರು ದಯವಿಟ್ಟು ಹೇಳಿ.

ಶಾಂಘೈ_ಕನ್ನಡಿಗ

ಅಕ್ಕಾ, ಓದಿ ಖುಷಿಯಾಯಿತು. ಒಂಬತ್ತು ವರ್ಷದಿಂದ ಇಲ್ಲಿದ್ದೇನೆ, ಶಿಯಾನ್‌ಗೆ ಮೂರು ಸಲ ಹೋಗಿದ್ದೇನೆ. ಒಮ್ಮೆ ಒಬ್ಬನೇ, ಒಮ್ಮೆ ಗೆಳೆಯರ ಜೊತೆ, ಒಮ್ಮೆ ಊರಿಂದ ಬಂದ ಅಪ್ಪ ಅಮ್ಮನ ಜೊತೆ ಗೈಡ್ ಇಟ್ಟುಕೊಂಡು. ಮೂರನೇ ಸಲವೇ ಆ ಊರು ನನಗೆ ಅರ್ಥವಾಗಿದ್ದು.

ಮೊದಲ ಮಾತು. ಎಲ್ಲಾ ದಿನಕ್ಕೂ ಗೈಡ್ ಬೇಡ. ಶಿಯಾನ್‌ನಲ್ಲಿ ಮೆಟ್ರೋ ಚೆನ್ನಾಗಿದೆ, ಹೆಸರುಗಳು ಇಂಗ್ಲಿಷ್‌ನಲ್ಲೂ ಇವೆ. ಕೋಟೆ ಗೋಡೆ, ಗಂಟೆ ಗೋಪುರ, ಮುಸ್ಲಿಂ ಬೀದಿ ಇವನ್ನೆಲ್ಲ ನೀವೇ ನಿಧಾನಕ್ಕೆ ನೋಡಬಹುದು. ಕಥೆ ಇಲ್ಲದೆ ನೋಡಿದರೆ ಬರೀ ಮಣ್ಣು, ಇಟ್ಟಿಗೆ ಅನಿಸುವ ಜಾಗಗಳಿಗೆ ಮಾತ್ರ ಗೈಡ್ ಬೇಕು. ನಿಮಗೆ ಎರಡು, ಹೆಚ್ಚೆಂದರೆ ಎರಡೂವರೆ ದಿನ ಸಾಕು.

ಒಂದು ದಿನ ಪೂರ್ತಿ ಮಣ್ಣಿನ ಸೈನಿಕರಿಗೆ (ಟೆರಾಕೋಟಾ ಆರ್ಮಿ) ಕೊಡಿ, ಚೀನಾದ ಮೊದಲ ಚಕ್ರವರ್ತಿಯ ಸಮಾಧಿ ಕಾಯಲು ಮಾಡಿ ಹೂತಿಟ್ಟ ಮಣ್ಣಿನ ಬೊಂಬೆಗಳು ಅವು. ಅದು ಊರಿನಿಂದ ಸುಮಾರು 40 ಕಿ.ಮೀ. ಪೂರ್ವಕ್ಕೆ, ಲಿನ್‌ತೊಂಗ್‌ನಲ್ಲಿದೆ. 1974ರಲ್ಲಿ ರೈತರು ಬಾವಿ ತೋಡುವಾಗ ಸಿಕ್ಕಿದ್ದು, ಅಪ್ಪನಿಗೆ ಗೊತ್ತೇ ಇರುತ್ತದೆ. ಬಾವಿ ತೋಡಿದ ಜಾಗವನ್ನು ಮೊದಲನೇ ಗುಂಡಿಯಲ್ಲಿ ಗುರುತು ಹಾಕಿ ತೋರಿಸಿದ್ದಾರೆ, ಕೇಳಿ ನೋಡಿ. ಆ ಗುಂಡಿ ಒಂದೇ 230 ಮೀಟರ್ ಉದ್ದ, 62 ಮೀಟರ್ ಅಗಲ. ಎಲ್ಲರೂ ಮುಂಭಾಗದಲ್ಲಿ ಫೋಟೊ ತೆಗೆದು ವಾಪಸ್ ಬರುತ್ತಾರೆ. ನೀವು ಹಿಂಭಾಗದವರೆಗೂ ಹೋಗಿ. ಒಡೆದ ಚೂರುಗಳನ್ನು ಜೋಡಿಸಿ ಸೈನಿಕರನ್ನು ಎದ್ದು ನಿಲ್ಲಿಸುವ ಕೆಲಸ ನಡೆಯುವುದು ಅಲ್ಲೇ. ತಲೆ ಇಲ್ಲದವರು, ಕೈ ಕಟ್ಟಿಸಿಕೊಂಡವರು, ಆಸ್ಪತ್ರೆ ವಾರ್ಡಿನ ಹಾಗೆ ಸಾಲಾಗಿ ನಿಂತಿರುತ್ತಾರೆ.

ನನ್ನ ಸಲಹೆ: ಮೂರನೇ ಗುಂಡಿ, ಆಮೇಲೆ ಎರಡನೇದು, ಕೊನೆಗೆ ಮೊದಲನೇದು. ಚಿಕ್ಕದರಿಂದ ದೊಡ್ಡದಕ್ಕೆ ಹೋದರೆ ಕೊನೆಗೆ ಉಸಿರು ನಿಂತ ಹಾಗಾಗುತ್ತದೆ. ಉಲ್ಟಾ ಹೋದರೆ ಉಳಿದೆರಡೂ ಸಪ್ಪೆ.

ಟಿಕೆಟ್ 120 ಯುವಾನ್. ಯುವಾನ್ ಅಂದರೆ ಅಲ್ಲಿನ ದುಡ್ಡು, ಇವತ್ತಿನ ರೇಟ್ ನೋಡಿಕೊಳ್ಳಿ. ಕಂಚಿನ ರಥಗಳ ಮ್ಯೂಸಿಯಂ, ಸಮಾಧಿ ದಿಬ್ಬದ ಉದ್ಯಾನ ಎಲ್ಲಾ ಅದರಲ್ಲೇ ಸೇರಿದೆ, ನಡುವೆ ಬಸ್ಸೂ ಬಿಡುತ್ತಾರೆ. ಆ ರಥಗಳನ್ನು ಬಿಡಬೇಡಿ. ನಿಜವಾದ ರಥದ ಅರ್ಧ ಅಳತೆ, 1980ರಲ್ಲಿ ಸಿಕ್ಕಿದ್ದು. ಟಿಕೆಟ್ ಎಲ್ಲಾ ಪಾಸ್‌ಪೋರ್ಟ್ ಹೆಸರಿನಲ್ಲೇ ಕೊಡುತ್ತಾರೆ, ಮೂಲ ಪಾಸ್‌ಪೋರ್ಟ್ ಕೈಯಲ್ಲಿರಲಿ. ಗೇಟಿನಿಂದ ಗುಂಡಿಗಳ ತನಕ ಒಳ್ಳೇ ನಡಿಗೆ ಇದೆ. ಅಮ್ಮನಿಗೆ ಬ್ಯಾಟರಿ ಗಾಡಿ ಮಾಡಿಕೊಡಿ, ಸಿಗುತ್ತದೆ.

ಮಂಡ್ಯದ_ಹುಡುಗ

ಅಕ್ಕಾ, ಬೇಜಾರು ಮಾಡಿಕೊಳ್ಳಬೇಡಿ, ನನಗೆ ಗೈಡ್ ಬೇಕು ಅಂತ ಅನಿಸಲೇ ಇಲ್ಲ. ಹೋದ ವರ್ಷ ಒಬ್ಬನೇ ಹೋಗಿದ್ದೆ. ಮೆಟ್ರೋ 9ನೇ ಲೈನಿನಲ್ಲಿ ಹುವಾಚಿಂಗ್ ಕೊಳದ ತನಕ ಹೋಗಿ, ಅಲ್ಲಿಂದ ಬಸ್ ಹಿಡಿದು ಮಣ್ಣಿನ ಸೈನಿಕರ ಹತ್ತಿರ ಇಳಿದೆ. ಆಡಿಯೊ ಗೈಡ್ ಬಾಡಿಗೆಗೆ ಸಿಗುತ್ತದೆ. ಹೋಗುವ ಮುಂಚೆ ನಾಲ್ಕು ದಿನ ಕೂತು ಓದಿಕೊಂಡಿದ್ದೆ. ಉಳಿದ ದುಡ್ಡಿನಲ್ಲಿ ಹುವಾಶಾನ್ ಬೆಟ್ಟಕ್ಕೂ ಹೋಗಿ ಬಂದೆ. ಹೈಸ್ಪೀಡ್ ರೈಲಿನಲ್ಲಿ ಅರ್ಧ ಮುಕ್ಕಾಲು ಗಂಟೆ ಅಷ್ಟೇ.

ಮತ್ತೆ ಶಾಂಘೈ ಅಣ್ಣ, ನಾನು ಮೊದಲನೇ ಗುಂಡಿಯನ್ನೇ ಮೊದಲು ನೋಡಿ ಅನ್ನುತ್ತೇನೆ. ಹತ್ತು ಗಂಟೆ ಆದ ಮೇಲೆ ಅಲ್ಲಿ ಕಂಬಿ ಹತ್ತಿರ ಕಾಲಿಡಕ್ಕೆ ಜಾಗ ಇರಲ್ಲ.

ಶಾಂಘೈ_ಕನ್ನಡಿಗ

@ಮಂಡ್ಯದ_ಹುಡುಗ ಜನಜಂಗುಳಿ ವಿಷಯದಲ್ಲಿ ನಿನ್ನ ಮಾತು ಸರಿ. ಬೆಳಿಗ್ಗೆ ಗೇಟ್ ತೆಗೆಯುವ ಹೊತ್ತಿಗೇ ಹೋದರೆ ಮೊದಲನೇದನ್ನೇ ಮೊದಲು ನೋಡುವುದು ಒಳ್ಳೆಯದು. ಒಂಬತ್ತರ ಮೇಲಾದರೆ ನನ್ನ ದಾರಿ.

ಗೈಡ್ ವಿಷಯದಲ್ಲಿ ಮಾತ್ರ ಒಪ್ಪಲಾರೆ. ಒಬ್ಬನೇ ಹೋದಾಗ ನಾನೂ ಆಡಿಯೊ ಗೈಡ್ ಹಾಕಿಕೊಂಡಿದ್ದೆ. ಅದು ನಾವು ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ. ಅಪ್ಪನ ಜೊತೆ ಹೋದಾಗ ಅವರು "ಇಷ್ಟೆಲ್ಲ ಬಣ್ಣ ಬಳಿದಿದ್ದರು ಅಂತೀರಲ್ಲ, ಅದು ಎಲ್ಲಿ ಹೋಯಿತು?" ಅಂತ ಕೇಳಿದರು. ನಮ್ಮ ಗೈಡ್ ಅವರನ್ನು ಒಂದು ಫೋಟೊ ಮುಂದೆ ನಿಲ್ಲಿಸಿ ವಿವರಿಸಿದಳು. ಬಣ್ಣದ ಕೆಳಗೆ ಅರಗಿನಂಥ ಒಂದು ಪದರ ಬಳಿದಿದ್ದರು. ಎರಡು ಸಾವಿರ ವರ್ಷ ಒದ್ದೆ ಮಣ್ಣಿನಲ್ಲಿದ್ದ ಆ ಪದರ ಗಾಳಿ ತಗುಲಿದ ಕೆಲವೇ ನಿಮಿಷದಲ್ಲಿ ಒಣಗಿ ಸುರುಳಿ ಸುತ್ತಿಕೊಂಡು ಉದುರುತ್ತದೆ. ಚಕ್ರವರ್ತಿಯ ಸಮಾಧಿಯನ್ನು ಇವತ್ತಿಗೂ ಅಗೆಯದೆ ಬಿಟ್ಟಿರುವುದಕ್ಕೆ ಇದೂ ಒಂದು ಕಾರಣ. ಅಪ್ಪ ಊರಿಗೆ ಬಂದ ಮೇಲೂ ಎಲ್ಲರಿಗೂ ಹೇಳಿದ್ದು ಇದನ್ನೇ.

ಮೇಷ್ಟ್ರನ್ನು ಕರೆದುಕೊಂಡು ಹೋಗುವಾಗ, ಅವರ ಪ್ರಶ್ನೆಗೆ ಉತ್ತರ ಕೊಡುವ ಒಬ್ಬ ಮನುಷ್ಯ ಜೊತೆಯಲ್ಲಿರಬೇಕು.

ಹುಬ್ಬಳ್ಳಿ_ಮಂದಿ

ಅಕ್ಕಾರ, ನಾವು ಮೋಸ ಹೋಗಿದ್ದನ್ನು ಹೇಳುತ್ತೇನೆ, ನೀವು ಹುಷಾರಾಗಿರಿ.

ನಾವು ಆರು ಜನ ಹೋಗಿದ್ದೆವು. ಆನ್‌ಲೈನ್‌ನಲ್ಲಿ ಒಬ್ಬ ಏಜೆಂಟ್ ಸಿಕ್ಕ. ಉಳಿದವರು ಹೇಳಿದ ದರದ ಅರ್ಧಕ್ಕಿಂತ ಕಡಿಮೆಗೆ "ಪ್ರೈವೇಟ್ ಟೂರ್" ಅಂದ. ಅಷ್ಟು ಕಡಿಮೆ ಹೇಗೆ ಅಂತ ನಾವು ಕೇಳಬೇಕಿತ್ತು. ಬೆಳಿಗ್ಗೆ ಎಂಟಕ್ಕೆ ಹೊರಟೆವು. ಒಂಬತ್ತಕ್ಕೆ ಮಣ್ಣಿನ ಬೊಂಬೆ ಮಾಡುವ ಕಾರ್ಖಾನೆ. ಅಲ್ಲಿ ಒಂದು ಗಂಟೆ. ಆಮೇಲೆ ಜೇಡ್ ಕಲ್ಲಿನ ಅಂಗಡಿ. ಅಲ್ಲಿ ನಮ್ಮ ಅತ್ತಿಯವರನ್ನು ಕುರ್ಚಿ ಮೇಲೆ ಕೂರಿಸಿ ಕೈಗೆ ಬಳೆ ಹಾಕಿಯೇಬಿಟ್ಟರು. ತೆಗೆಯಲು ಬರಲಿಲ್ಲ, ಸೋಪು ಹಚ್ಚಿ ತೆಗೆದೆವು. ಮಣ್ಣಿನ ಸೈನಿಕರ ಹತ್ತಿರ ಮುಟ್ಟಿದಾಗ ಹನ್ನೆರಡೂವರೆ. "ಎರಡಕ್ಕೆ ಗಾಡಿ ಹೊರಡುತ್ತದೆ" ಅಂದರು. ಅಷ್ಟು ದೂರ ಹೋಗಿ ಒಂದೂವರೆ ಗಂಟೆಯಲ್ಲಿ ಓಡಿ ಓಡಿ ನೋಡಿದೆವು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಆಮೇಲೆ ಗೊತ್ತಾಗಿದ್ದು: ಚೀನಾದಲ್ಲಿ 2013ರಿಂದ ಪ್ರವಾಸೋದ್ಯಮ ಕಾಯ್ದೆ ಇದೆ. ವಿಪರೀತ ಕಡಿಮೆ ದರ ತೋರಿಸಿ ಜನರನ್ನು ಸೇರಿಸಿ, ಅಂಗಡಿ ಕಮಿಷನ್‌ನಲ್ಲಿ ದುಡ್ಡು ಮಾಡುವುದು ಅದರ ಪ್ರಕಾರ ತಪ್ಪು. ಗೈಡ್‌ಗಳಿಗೆ ಸರ್ಕಾರದ ಲೈಸೆನ್ಸ್ ಕಾರ್ಡ್ ಇರಬೇಕು. ಟ್ರಾವೆಲ್ ಏಜೆನ್ಸಿ ಮೂಲಕವೇ ಕೆಲಸಕ್ಕೆ ಬರಬೇಕು. ಹೋಟೆಲ್ ಬಾಗಿಲಲ್ಲಿ ನಿಂತು "ಗೈಡ್ ಬೇಕೇ" ಅನ್ನುವವರನ್ನು ನಂಬಬೇಡಿ.

ನೀವು ಗೊತ್ತು ಮಾಡುವಾಗ "ಒಂದೇ ಒಂದು ಅಂಗಡಿಗೂ ನಿಲ್ಲಿಸುವುದಿಲ್ಲ" ಅಂತ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ರೇಟ್ ತಲೆಗೆ ಎಷ್ಟು ಅಂತ ಅಲ್ಲ, ಇಡೀ ಗುಂಪಿಗೆ ದಿನಕ್ಕೆ ಎಷ್ಟು ಅಂತ ಕೇಳಿ. ಕಾರು, ಡ್ರೈವರ್, ಟೋಲ್, ಪಾರ್ಕಿಂಗ್, ಗೈಡ್ ಊಟ ಅದರಲ್ಲಿ ಸೇರಿದೆಯಾ? ದಿನ ಅಂದರೆ ಎಷ್ಟು ಗಂಟೆ? ಹೆಚ್ಚಾದ ಗಂಟೆಗೆ ಎಷ್ಟು? ಇದೆಲ್ಲ ಮೊದಲೇ ಖಾತ್ರಿ ಮಾಡಿಕೊಳ್ಳಿ.

ಇತಿಹಾಸ_ಮೇಷ್ಟ್ರು

ಬಾಗಲಕೋಟೆಯ ಮಗಳಿಗೆ ನಮಸ್ಕಾರ. ನಾನೂ ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು. ನಿಮ್ಮ ತಂದೆಯವರಿಗೆ ಈ ಪ್ರಯಾಣ ಎಷ್ಟು ದೊಡ್ಡದು ಅಂತ ನನಗೆ ಅರ್ಥವಾಗುತ್ತದೆ.

ಎಲ್ಲರೂ ಮಣ್ಣಿನ ಸೈನಿಕರ ಬಗ್ಗೆ ಬರೆಯುತ್ತಿದ್ದಾರೆ. ಅವು ಕ್ರಿ.ಪೂ. ಮೂರನೇ ಶತಮಾನದವು. ನಿಮ್ಮ ತಂದೆಯವರು ಹೊರಟಿರುವುದು ಅದಾದ ಎಂಟುನೂರು ವರ್ಷದ ನಂತರದ ಊರನ್ನು ನೋಡಲು. ಆಗ ಅದರ ಹೆಸರು ಚಾಂಗ್‌ಆನ್, ತಾಂಗ್ ವಂಶದ ರಾಜಧಾನಿ. ಹ್ಯುಯೆನ್ ತ್ಸಾಂಗ್ ಹೊರಟಿದ್ದು ಅಲ್ಲಿಂದ, 645ರಲ್ಲಿ ವಾಪಸ್ ಬಂದಿದ್ದೂ ಅಲ್ಲಿಗೆ. ಭಾರತದಿಂದ 657 ಗ್ರಂಥಗಳನ್ನು ತಂದ. ಅವನ್ನು ಕಾಪಾಡಲು 652ರಲ್ಲಿ ಕಟ್ಟಿಸಿದ್ದೇ ದೊಡ್ಡ ಹಂಸ ಪಗೋಡ. ಕೆಲವರು ಕಾಡುಬಾತು ಪಗೋಡ ಅಂತಲೂ ಬರೆಯುತ್ತಾರೆ. ಏಳು ಅಂತಸ್ತು, ಸುಮಾರು 64 ಮೀಟರ್ ಎತ್ತರ. ಒಳಗೆ ಮೆಟ್ಟಿಲು ಹತ್ತಬೇಕು, ಲಿಫ್ಟ್ ಇಲ್ಲ. ತಾಯಿಯವರು ಕೆಳಗೆ ಕೂತಿರಲಿ. ಕೆಳಗೇ ದಕ್ಷಿಣದ ಬಾಗಿಲಿನ ಎರಡು ಬದಿಗೆ 653ರ ಎರಡು ಶಿಲಾಶಾಸನಗಳಿವೆ. ತಾಂಗ್ ಚಕ್ರವರ್ತಿ ತಾಯ್‌ಝೊಂಗ್ ಮತ್ತು ಅವನ ಮಗ ಗಾವ್‌ಝೊಂಗ್, ಹ್ಯುಯೆನ್ ತ್ಸಾಂಗ್‌ನ ಅನುವಾದಗಳನ್ನು ಮೆಚ್ಚಿ ಬರೆದ ಮಾತುಗಳು ಅವು. ಹೆಚ್ಚಿನವರು ಅವನ್ನು ನೋಡದೆ ನೇರ ಮೆಟ್ಟಿಲಿಗೆ ಹೋಗುತ್ತಾರೆ. ಐಹೊಳೆಯ ರವಿಕೀರ್ತಿಯ ಶಾಸನ 634ರದು. ಎರಡಕ್ಕೂ 19 ವರ್ಷದ ಅಂತರ ಮಾತ್ರ! ನಿಮ್ಮ ತಂದೆಯವರಿಗೆ ಇದು ಹೊಳೆಯದೆ ಇರುವುದಿಲ್ಲ.

ಇನ್ನೊಂದು ಜಾಗ ಶಿಂಗ್‌ಜಿಯಾವ್ ದೇವಾಲಯ, ಊರಿನ ದಕ್ಷಿಣಕ್ಕೆ ಸುಮಾರು 20 ಕಿ.ಮೀ. ಹ್ಯುಯೆನ್ ತ್ಸಾಂಗ್‌ನ ಅಸ್ಥಿ ಇಟ್ಟ ಐದಂತಸ್ತಿನ ಪಗೋಡ ಅಲ್ಲಿದೆ, ಅಕ್ಕಪಕ್ಕ ಅವನ ಇಬ್ಬರು ಶಿಷ್ಯರ ಪಗೋಡಗಳು. 2014ರಲ್ಲಿ ರೇಷ್ಮೆ ದಾರಿಯ ಜೊತೆಗೆ ಯುನೆಸ್ಕೊ ಪಟ್ಟಿಗೆ ಸೇರಿತು. ಪ್ಯಾಕೇಜ್‌ಗಳಲ್ಲಿ ಇದು ಇರುವುದೇ ಇಲ್ಲ. ಖಾಸಗಿ ಗೈಡ್, ಕಾರು ಮಾಡಿಕೊಂಡು ಹೋಗುವುದರ ನಿಜವಾದ ಲಾಭ ಇಂಥ ಕಡೆ ಸಿಗುತ್ತದೆ.

ಕೊನೆಯದಾಗಿ ಒಂದು ಮಾತು. ಗೈಡ್‌ಗೆ "ಹ್ಯುಯೆನ್ ತ್ಸಾಂಗ್" ಅಂದರೆ ತಿಳಿಯದೆ ಹೋಗಬಹುದು. ಅದು ಹಳೆಯ ಇಂಗ್ಲಿಷ್ ಪುಸ್ತಕಗಳಿಂದ ನಮಗೆ ಬಂದ ರೂಪ. ಅಲ್ಲಿ "ಷುವೆನ್‌ಝಾಂಗ್" ಅನ್ನುತ್ತಾರೆ. ಜನಸಾಮಾನ್ಯರಿಗೆ ಅವನು "ತಾಂಗ್ ಸಾನ್‌ಝಾಂಗ್". ಸಾನ್‌ಝಾಂಗ್ ಅಂದರೆ ನಮ್ಮ ತ್ರಿಪಿಟಕವೇ. ಅವನ ಪ್ರವಾಸ ಗ್ರಂಥದಲ್ಲಿ ಪುಲಿಕೇಶಿಯ ರಾಜ್ಯ "ಮೋ-ಹೊ-ಲಾ-ಚಾ" ಅಂತ ಬರುತ್ತದೆ, ಅಂದರೆ ಮಹಾರಾಷ್ಟ್ರ. ಯುದ್ಧಕ್ಕೆ ಮುಂಚೆ ಆನೆಗಳಿಗೆ ಮದ್ಯ ಕುಡಿಸುವುದು, ಸೋತು ಬಂದ ದಂಡನಾಯಕನಿಗೆ ಹೆಣ್ಣಿನ ಉಡುಪು ಕೊಡುವುದು, ಹರ್ಷನೇ ಸೈನ್ಯ ಕಟ್ಟಿಕೊಂಡು ಬಂದರೂ ಗೆಲ್ಲಲಾಗದೆ ಹೋದದ್ದು, ಎಲ್ಲಾ ಆ ಭಾಗದಲ್ಲೇ ಇದೆ. ಆ ಪುಟದ ಚೀನೀ ಮೂಲವನ್ನು ಮೊಬೈಲ್‌ನಲ್ಲಿ ಇಟ್ಟುಕೊಂಡು ಬರಲು ಗೈಡ್‌ಗೆ ಮುಂಚೆಯೇ ಹೇಳಿ.

ಬಾಗಲಕೋಟೆ_ಮಗಳು

ಮೇಷ್ಟ್ರೇ, ನಿಮ್ಮ ಬರಹ ಅಪ್ಪನಿಗೆ ಓದಿ ಹೇಳಿದೆ. "19 ವರ್ಷ" ಅನ್ನುವಲ್ಲಿಗೆ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡರು. ಶಿಂಗ್‌ಜಿಯಾವ್ ದೇವಾಲಯ ಅವರಿಗೂ ಗೊತ್ತಿರಲಿಲ್ಲ. ಅದನ್ನು ಸೇರಿಸಿಯೇ ಸೇರಿಸುತ್ತೇವೆ. ನಿಮಗೆ ನಮಸ್ಕಾರ ಹೇಳಲು ಹೇಳಿದ್ದಾರೆ.

ಹುಬ್ಬಳ್ಳಿ ಅಣ್ಣಾ, ನೀವು ಬರೆದ ಪ್ರಶ್ನೆಗಳನ್ನೇ ನಾಲ್ಕು ಏಜೆನ್ಸಿಗಳಿಗೆ ಕಳಿಸಿದೆ. ಇಬ್ಬರು "ಅಂಗಡಿ ಇಲ್ಲ" ಅಂತ ಬರೆದು ಕೊಟ್ಟರು. ಒಬ್ಬರು ಉತ್ತರವನ್ನೇ ಕೊಡಲಿಲ್ಲ. ಇನ್ನೊಬ್ಬರು "ಸುಮ್ನೆ ಇಪ್ಪತ್ತು ನಿಮಿಷ ಕಾರ್ಖಾನೆ ನೋಡಿ, ಕೊಳ್ಳಲೇಬೇಕು ಅಂತಿಲ್ಲ" ಅಂದರು. ಅವರನ್ನು ಬಿಟ್ಟೆ.

ಈಗ ಊಟದ ಚಿಂತೆ. ಅವ್ವ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳಲು ಈಗಲೇ ಲೆಕ್ಕ ಹಾಕುತ್ತಿದ್ದಾಳೆ. ಆದರೂ ಐದು ದಿನಕ್ಕೆ ಅಷ್ಟೇ ಸಾಲುವುದಿಲ್ಲವಲ್ಲ.

ಉಡುಪಿ_ಅಡುಗೆಮನೆ

ರೊಟ್ಟಿ, ಚಟ್ನಿಪುಡಿ ಖಂಡಿತ ತಗೊಂಡು ಹೋಗಿ. ಆದರೆ ಅಲ್ಲಿ ತಿನ್ನಲು ಏನೂ ಸಿಗುವುದಿಲ್ಲ ಅಂತ ಹೆದರಬೇಡಿ. ನಾವು ಶುದ್ಧ ಸಸ್ಯಾಹಾರಿಗಳು, ಒಂದು ದಿನವೂ ಉಪವಾಸ ಇರಲಿಲ್ಲ.

ಶಿಯಾನ್ ಗೋಧಿಯ ಊರು. ಅಕ್ಕಿಗಿಂತ ಗೋಧಿ ಜಾಸ್ತಿ ತಿನ್ನುತ್ತಾರೆ. ಅಲ್ಲಿನ ಲಿಯಾಂಗ್‌ಪಿ ಅಂದರೆ ಗೋಧಿ ಅಥವಾ ಅಕ್ಕಿ ಹಿಟ್ಟಿನ ತಣ್ಣನೆ ಪಟ್ಟಿಗಳು. ಮೇಲೆ ಸೌತೆಕಾಯಿ ತುರಿ, ವಿನಿಗರ್, ಕೆಂಪು ಮೆಣಸಿನ ಎಣ್ಣೆ. ಮೆಣಸಿನ ಎಣ್ಣೆಯನ್ನು ಒಂದು ಚಮಚದಿಂದ ಸುರಿಯುತ್ತಾರೆ, ಘಮ ಮೂಗಿಗೆ ಬಡಿಯುತ್ತದೆ. ಉತ್ತರ ಕರ್ನಾಟಕದ ಖಾರದ ನಾಲಿಗೆಗೆ ಇದು ಖಂಡಿತ ಹಿಡಿಸುತ್ತದೆ. ಬಿಯಾಂಗ್‌ಬಿಯಾಂಗ್ ಅಂತ ಅಗಲವಾದ ನೂಡಲ್ಸ್ ಇದೆ, ಬೆಲ್ಟಿನಷ್ಟು ಅಗಲ. ಅದನ್ನು ಮಾಂಸ ಇಲ್ಲದೆ, ಬರೀ ಕಾದ ಎಣ್ಣೆ, ಮೆಣಸಿನಪುಡಿ ಹಾಕಿ ಮಾಡಿಕೊಡುತ್ತಾರೆ. ಮುಸ್ಲಿಂ ಬೀದಿಯಲ್ಲಿ ಪರ್ಸಿಮನ್ ಹಣ್ಣಿನ ಸಿಹಿ ಕಡುಬು ಕರಿಯುತ್ತಾರೆ. ಒಳಗೆ ಎಳ್ಳು, ಅಕ್ರೋಟು ಹೂರಣ. ಆದರೆ ಕರಿಯುವ ಎಣ್ಣೆ ಯಾವುದು ಅಂತ ಕೇಳಿಯೇ ತಿನ್ನಿ.

ಇಲ್ಲಿ ಎಚ್ಚರ ಬೇಕು. "ಮಾಂಸ ಬೇಡ" ಅಂದರೆ ಅವರು ಮಾಂಸದ ತುಂಡು ತೆಗೆದು ಅದೇ ಸಾರಿನಲ್ಲಿ ಕೊಡಬಹುದು. ಅದರಲ್ಲಿ ಕಪಟ ಇಲ್ಲ, ಅವರ ಲೆಕ್ಕದಲ್ಲಿ ಸಾರು ಮಾಂಸ ಅಲ್ಲ. ಆದ್ದರಿಂದ ಮಾಂಸದ ಸಾರು, ಹಂದಿ ಕೊಬ್ಬು, ಆಯ್ಸ್ಟರ್ ಸಾಸ್, ಮೊಟ್ಟೆ ಯಾವುದೂ ಬೇಡ ಅಂತ ಒಂದು ಚೀಟಿಯಲ್ಲಿ ಚೀನೀ ಭಾಷೆಯಲ್ಲಿ ಗೈಡ್ ಹತ್ತಿರ ಬರೆಸಿಕೊಳ್ಳಿ. ಮೊದಲನೇ ದಿನವೇ ಈ ಕೆಲಸ ಮಾಡಿ. ಗೈಡ್ ಇಲ್ಲದ ದಿನಗಳಲ್ಲಿ ಆ ಚೀಟಿಯೇ ನಿಮಗೆ ದಾರಿ. ಬಾಯಲ್ಲಿ ಹೇಳುವುದಾದರೆ "ವೊ ಚ್ರ್ ಸು", ನಾನು ಸಸ್ಯಾಹಾರಿ ಅಂತ. ಬೌದ್ಧ ದೇವಾಲಯಗಳ ಹತ್ತಿರ ಸಸ್ಯಾಹಾರದ ಊಟದ ಮನೆಗಳಿರುತ್ತವೆ. ಈರುಳ್ಳಿ, ಬೆಳ್ಳುಳ್ಳಿ ಕೂಡ ಹಾಕದ ಕಡೆಗಳೂ ಇವೆ. ಗೈಡ್‌ಗೆ ಅಂಥ ಒಂದೆರಡು ಕಡೆ ಮೊದಲೇ ನೋಡಿಡಲು ಹೇಳಿ.

ಸಿಂಗಪುರ_ಕನ್ನಡತಿ

ಓಡಾಟದ ವಿಷಯ ಬೇಗ ಹೇಳಿಬಿಡುತ್ತೇನೆ.

ಕೆಲವು ದೇಶದವರಿಗೆ ಚೀನಾದಲ್ಲಿ 240 ಗಂಟೆ ವೀಸಾ ಇಲ್ಲದ ಟ್ರಾನ್ಸಿಟ್ ಇದೆ. ಭಾರತದ ಪಾಸ್‌ಪೋರ್ಟ್‌ಗೆ ಅದು ಇಲ್ಲ. ಪ್ರವಾಸಿ ವೀಸಾ ಮಾಡಿಸಿಕೊಂಡೇ ಹೊರಡಿ, ಸಾಕಷ್ಟು ಮುಂಚೆ ಅರ್ಜಿ ಹಾಕಿ. 2020ರಲ್ಲಿ ನಿಂತಿದ್ದ ಭಾರತ–ಚೀನಾ ನೇರ ವಿಮಾನಗಳು 2025ರ ಅಕ್ಟೋಬರ್‌ನಿಂದ ಮತ್ತೆ ಶುರುವಾಗಿವೆ. ಬೆಂಗಳೂರಿನಿಂದ ಸಿಂಗಪುರ ಅಥವಾ ಕೌಲಾಲಂಪುರ ಮೂಲಕ ಬರುವುದು ವಯಸ್ಸಾದವರಿಗೆ ಆರಾಮ ಅನ್ನುವುದು ನನ್ನ ಅನಿಸಿಕೆ.

ಅಲ್ಲಿ ನೋಟು ಕೊಡುವವರು ಕಡಿಮೆ, ಎಲ್ಲಾ ಮೊಬೈಲ್ ಸ್ಕ್ಯಾನ್. ಅಲಿಪೇ ಆ್ಯಪ್ ಹಾಕಿಕೊಂಡು ನಿಮ್ಮ ಬ್ಯಾಂಕಿನ ವೀಸಾ ಕಾರ್ಡ್ ಅಥವಾ ಮಾಸ್ಟರ್‌ಕಾರ್ಡ್ ಅನ್ನು ಊರಲ್ಲೇ ಜೋಡಿಸಿ. ಅಂತರರಾಷ್ಟ್ರೀಯ ಬಳಕೆ ಆನ್ ಮಾಡಿರಬೇಕು. 200 ಯುವಾನ್ ದಾಟಿದ ಬಿಲ್‌ಗೆ ಶುಲ್ಕ ಬೀಳುತ್ತದೆ. ಗೂಗಲ್, ವಾಟ್ಸ್ಆ್ಯಪ್ ಅಲ್ಲಿನ ವೈಫೈನಲ್ಲಿ ನಡೆಯುವುದಿಲ್ಲ, ನಮ್ಮೂರಿನ ಸಿಮ್‌ಗೆ ರೋಮಿಂಗ್ ಹಾಕಿಸಿದರೆ ನಡೆಯುತ್ತದೆ. ಚೀನಾದ ಒಳಗೆ ವಿಮಾನ ಬದಲಿಸುವುದಿದ್ದರೆ ಪವರ್‌ಬ್ಯಾಂಕ್ ಮೇಲೆ 3ಸಿ (CCC) ಅನ್ನುವ ಚೀನಾದ ಸುರಕ್ಷತೆಯ ಗುರುತು ಇರಲೇಬೇಕು. 2025ರ ಜೂನ್‌ನಿಂದ ಈ ನಿಯಮ. ಇಲ್ಲದಿದ್ದರೆ ಅಲ್ಲೇ ಬಿಟ್ಟು ಹೋಗಬೇಕಾಗುತ್ತದೆ.

ಏಪ್ರಿಲ್ ಎರಡನೇ ವಾರ ಒಳ್ಳೆಯ ಆಯ್ಕೆ. ಮೊದಲ ವಾರ ಚಿಂಗ್‌ಮಿಂಗ್ ಅಂತ ಹಿರಿಯರಿಗೆ ಎಡೆ ಇಡುವ ಹಬ್ಬ, ರಜೆ, ಜನ ಜಾಸ್ತಿ. ಮೇ ಮೊದಲ ವಾರ, ಅಕ್ಟೋಬರ್ ಮೊದಲ ವಾರ ಅಂತೂ ಹೋಗಲೇಬಾರದು.

ಬಾಗಲಕೋಟೆ_ಮಗಳು

ಎಲ್ಲರ ಮಾತು ಕೂಡಿಸಿ ಒಂದು ಪ್ಲ್ಯಾನ್ ಮಾಡಿದ್ದೇನೆ. ತಪ್ಪಿದ್ದರೆ ತಿದ್ದಿ.

ಭಾನುವಾರ ಮಧ್ಯಾಹ್ನ ತಲುಪುತ್ತೇವೆ. ಅವತ್ತು ಏನೂ ಇಲ್ಲ, ಸಂಜೆ ಗಂಟೆ ಗೋಪುರದ ದೀಪ ನೋಡಿ ಮಲಗುವುದು. ಸೋಮವಾರ ಗೈಡ್ ಜೊತೆ ಶಾಂಕ್ಸಿ ಇತಿಹಾಸ ಮ್ಯೂಸಿಯಂ ಮತ್ತು ದೊಡ್ಡ ಹಂಸ ಪಗೋಡ. ಎರಡೂ ಹತ್ತಿರ ಇವೆಯಂತೆ. ಮಂಗಳವಾರ ಗೈಡ್ ಜೊತೆ ಮಣ್ಣಿನ ಸೈನಿಕರು. ಬುಧವಾರ ನಾವೇ: ಕೋಟೆ ಗೋಡೆ, ಮುಸ್ಲಿಂ ಬೀದಿ, ದೊಡ್ಡ ಮಸೀದಿ. ಗುರುವಾರ ಅರ್ಧ ದಿನ ಗೈಡ್ ಜೊತೆ ಶಿಂಗ್‌ಜಿಯಾವ್. ಹುವಾಶಾನ್ ಬೆಟ್ಟ ಈ ಸಲ ಬೇಡ, ಅವ್ವನ ಮೊಣಕಾಲು ಕೇಳುವುದಿಲ್ಲ.

ಗೈಡ್‌ಗೆ ಹೀಗೆ ಬರೆದಿದ್ದೇನೆ: "ನಮ್ಮ ತಂದೆ ಶಿಕ್ಷಕರು. ಅವರು ಜಾಸ್ತಿ ಪ್ರಶ್ನೆ ಕೇಳುತ್ತಾರೆ. ದಿನಕ್ಕೆ ಎರಡು ಜಾಗ ಸಾಕು. ತಾಯಿಗೆ ಪ್ರತಿ ಗಂಟೆಗೆ ಒಮ್ಮೆ ಕೂರಲು ಜಾಗ ಬೇಕು. ಷುವೆನ್‌ಝಾಂಗ್ ಬರೆದದ್ದರಲ್ಲಿ ಮೋ-ಹೊ-ಲಾ-ಚಾ ರಾಜ್ಯದ ಭಾಗವನ್ನು ದಯವಿಟ್ಟು ತನ್ನಿ." ಕೂಡಲೇ ಉತ್ತರ ಬಂತು. ಅದನ್ನು ಹುಡುಕಿ ಓದಿಕೊಂಡು ಬರುತ್ತೇನೆ, ನನಗೂ ಅದು ಹೊಸದು ಅಂತ ಬರೆದಿದ್ದಾಳೆ.

ಶಾಂಘೈ_ಕನ್ನಡಿಗ

ಅಕ್ಕಾ, ಒಂದೇ ಒಂದು ತಪ್ಪು. ಶಾಂಕ್ಸಿ ಇತಿಹಾಸ ಮ್ಯೂಸಿಯಂ ಸೋಮವಾರ ರಜೆ! ಸೋಮವಾರ, ಮಂಗಳವಾರ ಅದಲುಬದಲು ಮಾಡಿ. ಮಣ್ಣಿನ ಸೈನಿಕರಿಗೆ ಸೋಮವಾರ ರಜೆ ಇಲ್ಲ. ಇತಿಹಾಸ ಮ್ಯೂಸಿಯಂ ಪ್ರವೇಶ ಉಚಿತ. ಆದರೆ ಮುಂಚೆಯೇ ಕಾಯ್ದಿರಿಸಬೇಕು, ಟಿಕೆಟ್ ಬಿಟ್ಟ ಸ್ವಲ್ಪ ಹೊತ್ತಿಗೇ ಖಾಲಿಯಾಗುತ್ತವೆ. ನಾಲ್ಕೂ ಪಾಸ್‌ಪೋರ್ಟ್ ನಂಬರ್ ಈಗಲೇ ಗೈಡ್‌ಗೆ ಕಳಿಸಿ, ಟಿಕೆಟ್ ಬಿಟ್ಟ ದಿನವೇ ಅವಳು ಹಿಡಿಯಲಿ.

ಕೋಟೆ ಗೋಡೆ ಸುಮಾರು 13.7 ಕಿ.ಮೀ. ಸುತ್ತಳತೆ, ಮೇಲೆ 12 ಮೀಟರ್ ಅಗಲ. ಟಿಕೆಟ್ 54 ಯುವಾನ್. ಮಗನಿಗೆ ಸೈಕಲ್ ಬಾಡಿಗೆಗೆ ಸಿಗುತ್ತದೆ, ಅಮ್ಮನಿಗೆ ಬ್ಯಾಟರಿ ಗಾಡಿ. ಸಂಜೆ ಐದರ ಮೇಲೆ ದಕ್ಷಿಣ ಬಾಗಿಲಿನಿಂದ ಹತ್ತಿ. ದೊಡ್ಡ ಮಸೀದಿಯನ್ನು ಮಾತ್ರ ಮಧ್ಯಾಹ್ನದ ಒಳಗೆ ನೋಡಿ. ಹೊರಗಿನಿಂದ ಚೀನೀ ದೇವಾಲಯದ ಹಾಗೇ ಇದೆ, ಆದರೆ ಪಶ್ಚಿಮಕ್ಕೆ ಮುಖ ಮಾಡಿದೆ. ಬೀದಿಯ ಗದ್ದಲದಿಂದ ಒಳಗೆ ಕಾಲಿಟ್ಟರೆ ಹಕ್ಕಿ ದನಿ ಕೇಳುತ್ತದೆ.

ಬಾಗಲಕೋಟೆ_ಮಗಳು

ಹೋಗಿ ಬಂದೆವು! ನಾಲ್ಕು ದಿನವಾಯಿತು, ಇವತ್ತು ಬರೆಯಲು ಕೂತಿದ್ದೇನೆ.

ಮೊದಲು ಅವ್ವನ ವಿಷಯ. ಅವಳಿಗೆ ಇದರಲ್ಲೆಲ್ಲ ಅಷ್ಟು ಆಸಕ್ತಿ ಇಲ್ಲ, ನಮ್ಮ ಖುಷಿಗೆ ಬರುತ್ತಿದ್ದಾಳೆ ಅಂದುಕೊಂಡಿದ್ದೆ. ಎರಡನೇ ಗುಂಡಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮಂಡಿಯೂರಿ ಕೂತ ಬಿಲ್ಲುಗಾರ ಇದ್ದಾನೆ. ಒಡೆಯದೆ ಇಡಿಯಾಗಿ ಸಿಕ್ಕವನು. ಎಲ್ಲರೂ ಮುಂದಿನಿಂದ ಮುಖದ ಫೋಟೊ ತೆಗೆಯುತ್ತಿದ್ದರು. ಗೈಡ್ ಹುಡುಗಿ ಅವ್ವನ ಕೈ ಹಿಡಿದು ಹಿಂದಕ್ಕೆ ಕರೆದುಕೊಂಡು ಹೋಗಿ ಅವನ ಬಲಗಾಲಿನ ಚಪ್ಪಲಿ ತೋರಿಸಿದಳು. ಅಟ್ಟೆಯ ಮೇಲೆ ಹೊಲಿಗೆ ಸಾಲು ಸಾಲಾಗಿ ಕಾಣುತ್ತದೆ, ಮಣ್ಣಿನಲ್ಲೇ ಕೊರೆದದ್ದು. ಅವ್ವ ನಲವತ್ತು ವರ್ಷದಿಂದ ಕೌದಿ ಹೊಲಿಯುವವಳು. ಬಗ್ಗಿ ನೋಡಿ, "ತುದಿಗೆ, ಹಿಮ್ಮಡಕ್ಕೆ ಒತ್ತ ಹೊಲದಾರ, ನಡುವ ಬಿಡಿ ಬಿಡಿ. ಸವಿಯೂದು ಅಲ್ಲೇ ಅಲ್ಲೇನು" ಅಂದಳು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಹುಡುಗಿ ಕಣ್ಣರಳಿಸಿ, ನಾನು ಹೇಳಬೇಕಿದ್ದನ್ನು ಇವರೇ ಹೇಳಿಬಿಟ್ಟರು ಅಂದಳು. ಅವತ್ತಿನಿಂದ ಇಬ್ಬರೂ ಕೈ ಕೈ ಹಿಡಿದುಕೊಂಡೇ ನಡೆದರು, ಒಬ್ಬರ ಮಾತು ಒಬ್ಬರಿಗೆ ಬಾರದಿದ್ದರೂ.

ಬೆಳಿಗ್ಗೆ ಗೇಟ್ ತೆಗೆಯುವ ಹೊತ್ತಿಗೇ ಹೋಗಿದ್ದರಿಂದ ಮಂಡ್ಯದ ತಮ್ಮನ ದಾರಿಯಲ್ಲೇ ನೋಡಿದೆವು. ಮೊದಲನೇ ಗುಂಡಿಯ ಕಂಬಿ ಹತ್ತಿರ ಹತ್ತು ನಿಮಿಷ ಆರಾಮಾಗಿ ನಿಂತಿದ್ದೆವು. ಒಂದೇ ಒಂದು ಅಂಗಡಿಗೂ ಗಾಡಿ ನಿಲ್ಲಲಿಲ್ಲ. ಊಟದ ಚೀಟಿ ಮೊದಲ ದಿನವೇ ಬರೆಸಿದೆವು, ಎಲ್ಲಾ ಕಡೆ ಕೆಲಸಕ್ಕೆ ಬಂತು. ಮಗ ಲಿಯಾಂಗ್‌ಪಿಯನ್ನು ದಿನಕ್ಕೆರಡು ಸಲ ತಿಂದ. ಗೋಡೆ ಮೇಲೆ ಸೈಕಲ್ ಹೊಡೆದದ್ದೇ ಅವನಿಗೆ ಎಲ್ಲಕ್ಕಿಂತ ಹೆಚ್ಚು.

ಶಿಂಗ್‌ಜಿಯಾವ್‌ನಲ್ಲಿ ನಮ್ಮನ್ನು ಬಿಟ್ಟರೆ ನಾಲ್ಕೈದು ಜನ ಇದ್ದಿರಬಹುದು. ಅಪ್ಪ ಪಗೋಡದ ಮುಂದೆ ಚಪ್ಪಲಿ ಬಿಟ್ಟು ಕೈಮುಗಿದು ನಿಂತರು. ಎಷ್ಟು ಹೊತ್ತು ಅಂತ ನಾವು ನೋಡಲಿಲ್ಲ.

ಆದರೆ ನಾನು ಹೇಳಲು ಕಾಯುತ್ತಿದ್ದದ್ದು ದೊಡ್ಡ ಪಗೋಡದ ದಿನದ್ದು. ಶಾಸನಗಳನ್ನು ನೋಡಿದ ಮೇಲೆ ಅವ್ವನ ಪಕ್ಕ ಒಂದು ಕಲ್ಲು ಬೆಂಚಿನ ಮೇಲೆ ಎಲ್ಲರೂ ಕೂತೆವು. ಅಪ್ಪ ಶುರು ಮಾಡಿದರು. ಬಾದಾಮಿ, ನರ್ಮದೆ, ಹರ್ಷನ ಸೋಲು. ಶಾಲೆಯಲ್ಲಿ ಹೇಳುತ್ತಿದ್ದ ಹಾಗೇ, ಅದೇ ಕೈ ಬೀಸುವುದು. ನಾನು ಇಂಗ್ಲಿಷ್ ಮಾಡುತ್ತಾ ಹೋದೆ. ಹುಡುಗಿ ಪೂರ್ತಿ ಕೇಳಿ, ಮೊಬೈಲ್ ತೆಗೆದು ಆ ಪುಟ ಹುಡುಕಿದಳು. ಹಳೆಯ ಚೀನೀ ಭಾಷೆ, ನಿಧಾನಕ್ಕೆ ಬೆರಳಿಟ್ಟು ಓದಿದಳು. ಒಂದು ಕಡೆ ನಿಂತು, ಇಲ್ಲಿ ರಾಜನ ಹೆಸರು ಇದೆ ಅಂದಳು. ನಾಲ್ಕು ಅಕ್ಷರ.

"ಬು-ಲುವೊ-ಜಿ-ಶೆ."

ಅಪ್ಪ ಸುಮ್ಮನಾದರು. ಆಮೇಲೆ "ಇನ್ನೊಮ್ಮೆ ಅನ್ನವ್ವಾ" ಅಂದರು, ನನಗಲ್ಲ, ಅವಳಿಗೇ, ಕನ್ನಡದಲ್ಲೇ. ಅವಳಿಗೆ ಹೇಗೆ ತಿಳಿಯಿತೋ, ಇನ್ನೊಮ್ಮೆ ಓದಿದಳು. ಅಪ್ಪ "ಪುಲಿಕೇಶಿ" ಅಂದರು. ಅವಳು "ಪು-ಲಿ-ಕೇ-ಶಿ" ಅಂದಳು. ಮಗ ರೆಕಾರ್ಡ್ ಮಾಡಿಕೊಂಡಿದ್ದಾನೆ. ಅಪ್ಪ ಈಗ ದಿನಾ ಬೆಳಿಗ್ಗೆ ಚಹಾ ಕುಡಿಯುತ್ತಾ ಅದನ್ನು ಹಚ್ಚಿಕೊಂಡು ಕೇಳುತ್ತಾರೆ. ಬರುವ ಭಾನುವಾರ ಹಳೆಯ ವಿದ್ಯಾರ್ಥಿಗಳು ಇಪ್ಪತ್ತು ಜನ ಮನೆಗೆ ಬರುತ್ತಿದ್ದಾರೆ, ಅವರಿಗೂ ಕೇಳಿಸಬೇಕಂತೆ.